ಹದಿನಾಲ್ಕು ಖಾಲಿ ಜೆಲ್, ಒಂದು ನೊಣದ ಕಾಲು

ಕೊನೆಗೂ ಎರೆಹುಳುವಿನ ಡಿಎನ್ಎ ಬ್ಯಾಂಡ್ ಬಂತು! ಹದಿನಾಲ್ಕು ಜೆಲ್ (ಡಿಎನ್ಎ ತುಂಡುಗಳನ್ನು ಉದ್ದದ ಪ್ರಕಾರ ಗೆರೆಗಳಾಗಿ ಬಿಡಿಸಿ ತೋರಿಸುವ ಪದರ) ಖಾಲಿ ಹೋದ ಮೇಲೆ ಹದಿನೈದನೆಯದರಲ್ಲಿ, 700 ಡಿಎನ್ಎ ಅಕ್ಷರದ ಆಸುಪಾಸಿನಲ್ಲಿ, ಗಟ್ಟಿ ಗೆರೆ. ರಾತ್ರಿ ಹನ್ನೊಂದೂವರೆಗೆ ನಾನು ಕೂಗಿದ್ದು ಕೇಳಿ ಅಮ್ಮ ಹಾವು ಬಂತೆಂದು ಟಾರ್ಚ್ ಹಿಡಿದು ಓಡಿ ಬಂದಳು.

ಹುಳು ಒಟ್ಟು ಹನ್ನೊಂದು. ಎಂಟು ಅಡಿಕೆ ತೋಟದ ಬಸಿಗಾಲುವೆ ಪಕ್ಕದ್ದು, ಮೂರು ಸೊಪ್ಪಿನಬೆಟ್ಟದ್ದು. ತೋಟದವುಗಳಲ್ಲಿ ಆರು ಮರಿಗಳು, ಬಲಿತ ಹುಳುವಿನ ಮೈಮೇಲೆ ಬರುವ ಪಟ್ಟಿಯೇ ಮೂಡಿಲ್ಲ. ಪಟ್ಟಿ ಇಲ್ಲದ ಎರೆಹುಳು ಹಿಡಿದು ಜಾತಿ ಗುರುತಿಸುವ ಕೀಲಿ ಪುಸ್ತಕ ತೆರೆದರೆ ಎರಡನೇ ಪುಟಕ್ಕೇ ದಾರಿ ಬಂದ್. ಅದಕ್ಕೇ ಪ್ರಾಣಿಯ ಜಾತಿ ಗುರುತಿಸಲು ಓದುವ ಸಿಒಐ ಜೀನಿನ ಹಾದಿ, ಅದರ ತುಂಡಿನ ನಕಲು ಶುರು ಮಾಡಿಸುವ 1994ರ ಅದೇ ಫೋಲ್ಮರ್ ಪ್ರೈಮರ್ ಜೋಡಿ. ಅಮ್ಮನ ತಕರಾರು ಬೇರೆ: "ಹುಳಕ್ಕೂ ಜಾತಿ ಕೇಳ್ತೀಯೇನೋ?"

ಎರಡು ತಿಂಗಳು ನಾನು ಬೈದದ್ದು ಟಾಕ್, ಅಂದರೆ ಡಿಎನ್ಎ ನಕಲು ಮಾಡುವ ಕಿಣ್ವ, ಕಳಿಸಿದವರನ್ನು. ಐಸ್‌ನಲ್ಲಿ ಬರಬೇಕಾದ ಕಿಣ್ವ ಕೊರಿಯರ್ ಆಫೀಸಿನಲ್ಲಿ ನಾಲ್ಕು ದಿನ ಬಿಸಿಲು ಕಾಯಿಸಿಕೊಂಡು, ನೀರಾದ ಐಸ್ ಪ್ಯಾಕ್ ಜೊತೆ ಮನೆಗೆ ಬಂತು. ಫೋನ್ ಮಾಡಿದರೆ "ಏನೂ ಆಗಲ್ಲ ಸರ್" ಅಂದರು. ಸಿಟ್ಟು ಬಂದು ಒಂದು ನೊಣದ ಕಾಲು ಮುರಿದು ಅದರ ಡಿಎನ್ಎ ಹಾಕಿ ನೋಡಿದೆ. ಬ್ಯಾಂಡ್ ಫಳಫಳ! ಅಂದರೆ ಟಾಕ್ ಸರಿಯಿದೆ, ಪ್ರೈಮರ್ ಸರಿಯಿದೆ. ಫೋನಿನಲ್ಲಿ ಹೇಳಿದ ಮಾತೂ ಸರಿಯಿತ್ತು, ಅದೇ ಬೇಜಾರು.

ಮರುದಿನ ನೊಣದ ಟ್ಯೂಬಿಗೇ ಎರೆಹುಳು ಅರೆದು ತೆಗೆದ ಡಿಎನ್ಎ ರಸ ಒಂದು ಮೈಕ್ರೋಲೀಟರ್ ಸೇರಿಸಿದೆ. ನೊಣದ ಬ್ಯಾಂಡೂ ಮಾಯ. ಆಗ ತಲೆಗೆ ಹೊಳೆಯಿತು. ಹುಳುವಿನ ಹೊಟ್ಟೆ ತುಂಬ ಮಣ್ಣು. ಮಣ್ಣಿನ ಹ್ಯೂಮಿಕ್ ಆಮ್ಲ ಟಾಕ್‌ನ ಕೈಕಟ್ಟಿ ಕೂರಿಸುತ್ತದೆ. ನನ್ನ ರಸ ತೆಳು ಟೀ ಬಣ್ಣದ್ದಿತ್ತು. ಅದನ್ನು ಎರಡು ತಿಂಗಳು ಕಣ್ಣಾರೆ ನೋಡಿಯೂ 'ಪ್ರೋಟೀನ್ ಇರಬೇಕು' ಅಂದುಕೊಂಡೇ ಇದ್ದೆ. ಬೈಯಿರಿ, ಪರವಾಗಿಲ್ಲ.

ಹೊಸ ಹುಳುಗಳನ್ನು ಒದ್ದೆ ಟಿಶ್ಯೂ ಪೇಪರ್ ಮೇಲೆ ಎರಡು ದಿನ ಬಿಟ್ಟೆ. ಅವು ಟಿಶ್ಯೂವನ್ನೇ ತಿಂದು ಬಿಳಿ ಹಿಕ್ಕೆ ಹಾಕಿದವು, ಸಬ್ಬಕ್ಕಿ ಸಂಡಿಗೆಯ ಚೂರಿನ ಹಾಗೆ. ಆಮೇಲೆ ಬಾಲದ ಐದು ಮಿಲಿಮೀಟರ್ ಕತ್ತರಿಸಿ, ಸೀಳಿ, ಕರುಳು ಕೆರೆದು ತೆಗೆದು, ಚರ್ಮ-ಸ್ನಾಯು ಮಾತ್ರ ಅರೆದೆ. ರಸ ನೀರಿನಷ್ಟು ತಿಳಿ. ಹತ್ತು ಪಾಲು ತೆಳು ಮಾಡಿ, ಟಾಕ್‌ಗೆ ಅಡ್ಡ ಬರುವುದನ್ನು ಹಿಡಿದಿಡುವ ಪ್ರೋಟೀನ್ ಸ್ವಲ್ಪ, ಬಿಎಸ್‌ಎ ಹಾಕಿ ಓಡಿಸಿದೆ. ಅಮ್ಮ ಟಾರ್ಚ್ ತಂದದ್ದು ಆಗಲೇ.

ಸೀಕ್ವೆನ್ಸ್ (ಡಿಎನ್ಎ ಅಕ್ಷರಗಳ ಸಾಲು) ಬಂತು. ತೋಟದ ಎಂಟೂ ಪಾಂಟೋಸ್ಕೋಲೆಕ್ಸ್ ಕೋರೆತ್ರೂರಸ್. ನಮ್ಮ ತೋಟದ ಖಾಸಾ ಹುಳು ಅಂತ ಜಂಬ ಪಡುತ್ತಿದ್ದೆ. ಅದು ದಕ್ಷಿಣ ಅಮೆರಿಕದ ಹುಳು! ಜೀವವಿಜ್ಞಾನಿ ಫ್ರಿಟ್ಜ್ ಮ್ಯೂಲರ್ 1857ರಲ್ಲಿ ಬ್ರೆಜಿಲ್‌ನಿಂದ ವರ್ಣಿಸಿದ್ದು. ಈಗ ಉಷ್ಣವಲಯದ ತುಂಬ ಅದರದ್ದೇ ಕಾರುಬಾರು. ಸಂಗಾತಿಯೂ ಬೇಕಿಲ್ಲ, ಒಂದೇ ಹುಳು ಸಾಕು ಸಂಸಾರ ಹೂಡೋಕೆ. ಇನ್ನೂ ತಮಾಷೆ: 2018ರಲ್ಲಿ ಡಿಎನ್ಎ ನೋಡಿದವರಿಗೆ ಈ ಒಂದು ಹೆಸರಿನಡಿ ನೋಡೋಕೆ ಒಂದೇ ಥರದ ನಾಲ್ಕು ಜಾತಿ ಸಿಕ್ಕವು. ಅಸಲಿ ಯಾವುದು ಅಂತ ಗಟ್ಟಿ ಮಾಡೋಕೆ ಬ್ರೆಜಿಲ್‌ನ ಬ್ಲೂಮೆನೌ ಊರಿನಲ್ಲಿ ಮ್ಯೂಲರ್ ಮನೆಯ ತೋಟಕ್ಕೇ ಹೋಗಿ ಹುಳು ತರಬೇಕಾಯಿತು. ನನ್ನವು ಆ ನಾಲ್ಕರಲ್ಲಿ ಜಾಸ್ತಿ ಹರಡಿರುವ ಎಲ್‌1 ಗುಂಪಿನವು.

ನಾಚಿಕೆಯ ವಿಷಯ ಹೇಳಿಬಿಡುತ್ತೇನೆ. ಬಾಲಕ್ಕೆ ಲೆನ್ಸ್ ಹಿಡಿದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಅಲ್ಲಿ ಬಿರುಗೂದಲು ನೇರ ಸಾಲಿನಲ್ಲಿಲ್ಲ. ನಾಲ್ಕು ಅಡಿಕೆ ಮರದ ನಡುವೆ ಒಂದು ಕೋಕೋ ಗಿಡ ಹಾಕಿದ ಹಾಗೆ ಬಿಟ್ಟು ಬಿಟ್ಟು ಇವೆ. ಮರಿಯಲ್ಲೂ.

ಬೆಟ್ಟದ ಮೂರರಲ್ಲಿ ಎರಡು ಕೈಕೊಟ್ಟವು. ಉಳಿದದ್ದು ನಂಬರ್ 9. ಚೊಕ್ಕ ಸೀಕ್ವೆನ್ಸ್, ಆದರೆ ಡೇಟಾಬೇಸಿನಲ್ಲಿ ಹತ್ತಿರದ ನಂಟ ಅಂದರೂ ಹೋಲಿಕೆ ಶೇ. 85 ಮಾತ್ರ. ಹೆಸರಿಟ್ಟ ಹುಳುವಿನ ಸೀಕ್ವೆನ್ಸನ್ನು ಯಾರಾದರೂ ಮೊದಲೇ ಅಲ್ಲಿ ಇಟ್ಟಿದ್ದರೆ ತಾನೇ ಹೊಂದೋದು? ಪಶ್ಚಿಮ ಘಟ್ಟದ ಎಷ್ಟೋ ಹುಳುಗಳಿಗೆ ಆ ಭಾಗ್ಯ ಇಲ್ಲ. ಮೈ ಸೀಳಿ ನೋಡಿದೆ: ಸಾಲಾಗಿ ಮೂರು ಗಿಜರ್ಡ್ (ತಿಂದದ್ದನ್ನು ಅರೆಯುವ ಗಟ್ಟಿ ಚೀಲ). ಡ್ರಾವಿಡಾ ಎಂಬ ಕುಲದ್ದಿರಬೇಕು. ಮುಂದಕ್ಕೆ ಮತ್ತೆ ಹಳೇ ಕೀಲಿ ಪುಸ್ತಕವೇ ಗತಿ. ಯಾವುದನ್ನು ಬಿಟ್ಟು ಓಡಿದ್ದೆನೋ ಅದರ ಕಾಲಿಗೇ ಬಿದ್ದೆ.

ಈ ನಡುವೆ ಉಂಬಳದ ಹುಚ್ಚು ಹತ್ತಿದೆ. ಅದೂ ಎರೆಹುಳುವಿನ ದಾಯಾದಿಯೇ ಅಲ್ವಾ? ವಿಯೆಟ್ನಾಂ ಕಾಡಿನ ಉಂಬಳಗಳ ಹೊಟ್ಟೆಯ ರಕ್ತದಿಂದ ಅಲ್ಲಿನ ಅಪರೂಪದ ಮೊಲ, ಕಾಡುಕುರಿಗಳ ಡಿಎನ್ಎ ತೆಗೆದಿದ್ದರು, 2012ರಲ್ಲಿ. ಈ ಮಳೆಗಾಲ ನಮ್ಮ ಬೆಟ್ಟದಲ್ಲೂ ನೋಡಬೇಕು. ಮೊದಲು ಸಿಗೋದು ನನ್ನದೇ ಡಿಎನ್ಎ, ಗ್ಯಾರಂಟಿ.

ನಂಬರ್ 9ರ ಉಳಿದರ್ಧ ಫ್ರಿಜ್‌ನಲ್ಲಿದೆ, ಅಪ್ಪೆಮಿಡಿ ಬಾಟಲಿಯ ಪಕ್ಕ. ಅದರ ಮೇಲೆ ಅಮ್ಮ ಚೀಟಿ ಅಂಟಿಸಿದ್ದಾಳೆ: "ಇದು ಉಪ್ಪಿನಕಾಯಿ ಅಲ್ಲ."