ಅವರ ಮನೆಗೆ ನಿಮ್ಮನ್ನು ಯಾರು ಕರೆಯುತ್ತಾರೆ?

ಟಿಬೆಟನ್ನರ ಮನೆಯಲ್ಲಿಯೋ ಮಣಿಪುರದವರ ಮನೆಯಲ್ಲಿಯೋ ಹಬ್ಬದೂಟ ಮಾಡಿ ಬಂದೆನೆಂದು ಹೇಳಿದಾಗಲೆಲ್ಲ ಸ್ನೇಹಿತರು ಕೇಳುವುದು ಒಂದೇ ಪ್ರಶ್ನೆ: ‘ಗುರುತು ಪರಿಚಯವಿಲ್ಲದವರ ಮನೆಗೆ ಹೋಗುವುದಾದರೂ ಹೇಗೆ? ಅವರ ಅಡುಗೆಯೇ ಬೇಕಿದ್ದರೆ ಬೆಂಗಳೂರಿನಲ್ಲಿ ಹೋಟೆಲುಗಳಿಗೇನು ಬರವೇ?’ ಕರೆಯದೆ ನಾನು ಯಾರ ಮನೆಗೂ ಹೋದವನಲ್ಲ. ಮೊದಲು ನಾವು ಕರೆದೆವು, ಆಮೇಲೆ ಅವರು ಕರೆದರು.

ಈಜಿಪುರದ ನಮ್ಮ ಕಟ್ಟಡದ ಮೂರನೆಯ ಮಹಡಿಗೆ ಬೈಲಕುಪ್ಪೆಯಿಂದ ಒಂದು ಕುಟುಂಬ ಬಾಡಿಗೆಗೆ ಬಂದಿತು. 1959ರಲ್ಲಿ ಟಿಬೆಟ್ ತೊರೆದು ಬಂದವರಿಗೆ ಅಂದಿನ ಮೈಸೂರು ಸರ್ಕಾರವು ಪಿರಿಯಾಪಟ್ಟಣದ ಬಳಿ ನೆಲ ಕೊಟ್ಟದ್ದು ನನಗೆ ತಿಳಿದಿತ್ತು. ಆದರೆ ಆ ನೆಲದಲ್ಲಿ ಹುಟ್ಟಿ ಬೆಳೆದವರು ತಲೆಯ ಮೇಲೆಯೇ ವಾಸವಾಗಿದ್ದರೂ ಎಂಟು ತಿಂಗಳವರೆಗೆ ನಮ್ಮ ಮಾತುಕತೆ ನೀರಿನ ಮೋಟಾರನ್ನು ದಾಟಿರಲಿಲ್ಲ. ಸಂಕ್ರಾಂತಿಯಂದು ಎಳ್ಳು ಬೀರಲು ಹೊರಟ ಅಮ್ಮ ಅವರಿಗೂ ಒಂದು ಡಬ್ಬಿ ಕೊಟ್ಟು ಬಂದರು. ಫೆಬ್ರವರಿಯಲ್ಲಿ ಆ ಡಬ್ಬಿ, ಲೋಸಾರ್ ಹೊಸ ವರ್ಷಕ್ಕೆಂದು ಕರಿದ ಖಪ್ಸೆ ಎಂಬ ಹಿಟ್ಟಿನ ತಿಂಡಿಯನ್ನು ತುಂಬಿಕೊಂಡು, ಮರುದಿನ ರಾತ್ರಿಯ ಊಟದ ಕರೆಯೊಂದಿಗೆ ಹಿಂದಿರುಗಿತು.

ಅಂದು ಅವರ ಹನ್ನೆರಡನೆಯ ತಿಂಗಳ ಇಪ್ಪತ್ತೊಂಬತ್ತನೆಯ ದಿನ. ಒಂಬತ್ತು ಪದಾರ್ಥಗಳನ್ನು ಕೂಡಿಸಿ ಗುಥುಕ್ ಎಂಬ ಸಾರನ್ನು ಮಾಡುವ ರಾತ್ರಿ. ಅಮ್ಮನಿಗೆಂದು ಮಾಂಸ ಹಾಕದ ಪುಟ್ಟ ಪಾತ್ರೆಯೊಂದು ಬೇರೆಯೇ ಕುದಿಯುತ್ತಿತ್ತು. ಪ್ರತಿಯೊಬ್ಬರ ಬಟ್ಟಲಿಗೂ ಒಂದೊಂದು ದೊಡ್ಡ ಹಿಟ್ಟಿನ ಉಂಡೆ ಬೀಳುತ್ತದೆ; ಅದನ್ನು ಒಡೆದಾಗ ಒಳಗೆ ಇದ್ದಿಲು ಸಿಕ್ಕರೆ ಕಪ್ಪು ಮನಸ್ಸು, ಮೆಣಸಿನಕಾಯಿ ಸಿಕ್ಕರೆ ವಾಚಾಳಿ, ಉಪ್ಪು ಸಿಕ್ಕರೆ ಸೋಮಾರಿ. ಅಮ್ಮನ ಉಂಡೆಯಲ್ಲಿ ಉಣ್ಣೆಯ ಎಳೆಯಿತ್ತು, ಮೃದು ಹೃದಯದ ಗುರುತು. ಊಟವಾದ ಮೇಲೆ, ಮನೆಯ ಕೆಡುಕನ್ನೆಲ್ಲ ಹೊತ್ತ ಹಿಟ್ಟಿನ ಬೊಂಬೆಯನ್ನು ಉಳಿದ ಸಾರಿನೊಂದಿಗೆ ಮೂರು ದಾರಿ ಕೂಡುವಲ್ಲಿ ಇಟ್ಟು, ತಿರುಗಿ ನೋಡದೆ ಬಂದೆವು. ‘ನಾವೂ ದೃಷ್ಟಿ ತೆಗೆದು ಇಲ್ಲಿಯೇ ಹಾಕುವುದಲ್ಲವೇ’ ಎಂದು ಅಮ್ಮ ಮೆಟ್ಟಿಲು ಹತ್ತುವಾಗ ಹೇಳಿದರು. ಇದನ್ನು ಯಾವ ಹೋಟೆಲು ಬಡಿಸೀತು?

ಹೋಟೆಲು ಸಾಲದೆಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. 2012ರ ಆಗಸ್ಟಿನಲ್ಲಿ ವದಂತಿಗಳಿಗೆ ಹೆದರಿದ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಕೆಲವೇ ದಿನಗಳಲ್ಲಿ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ನಮ್ಮ ರಸ್ತೆಯ ಕೊನೆಯಲ್ಲಿ ಮೊಮೊ ಮಾರುತ್ತಿದ್ದ ಹುಡುಗನೂ ಕಾಣೆಯಾದ. ಎರಡು ವರ್ಷ ಅವನ ಕೈಯಡುಗೆ ತಿಂದಿದ್ದ ನನಗೆ, ಹೆದರಬೇಡವೆಂದು ಹೇಳಿ ಬರಲು ಅವನ ಮನೆ ಎಲ್ಲಿದೆಯೆಂಬುದೇ ಗೊತ್ತಿರಲಿಲ್ಲ. ಆ ಸಂಕಟ ಇಂದಿಗೂ ಹೋಗಿಲ್ಲ.

ಹೋಗುವವರಿಗೆ ಹೇಳಬೇಕಾದದ್ದು ಹೆಚ್ಚೇನಿಲ್ಲ. ಬರಿಗೈಯಲ್ಲಿ ಹೋಗಬೇಡಿ, ಕೇಳದೆ ಫೋಟೊ ತೆಗೆಯಬೇಡಿ. ವಾಸನೆಗೆ ಮೂಗು ಮುಚ್ಚಿಕೊಳ್ಳಬೇಡಿ. ಮಣಿಪುರದ ಗೆಳೆಯನೊಬ್ಬ, ಹುದುಗಿಸಿದ ಙಾರಿ ಮೀನಿನ ವಾಸನೆಯ ಕಾರಣಕ್ಕೆ ಎರಡು ಬಾಡಿಗೆ ಮನೆಗಳನ್ನು ಬಿಡಬೇಕಾಯಿತು. ಈಗಿನ ಮನೆಯಲ್ಲಿಯೂ ಅವನು ಅದನ್ನು ಸುಡುವ ಮೊದಲು ಕಿಟಕಿ ಮುಚ್ಚುತ್ತಾನೆ. ಆ ಮೀನನ್ನು ಕೆಂಪು ಮೆಣಸಿನಕಾಯಿ, ಬೇಯಿಸಿದ ಆಲೂಗೆಡ್ಡೆಯೊಡನೆ ಕಿವುಚಿ ಮಾಡುವ ಎರೊಂಬಾ, ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನ ಹದಕ್ಕೇ ಬರುತ್ತದೆ. ಕಳೆದ ತಿಂಗಳು ಅವನು ನಮ್ಮ ಮನೆಗೆ ಬಂದು ಅದನ್ನು ಮಾಡಿದಾಗ, ನಾನು ಅಡುಗೆಮನೆಯ ಕಿಟಕಿಯನ್ನು ತೆರೆದೇ ಇಟ್ಟಿದ್ದೆ.