ವ್ಯಾನ್ ಹಿಂದೆ ಬುಲೆಟ್ ಕಟ್ಟಬಹುದಾ?

ಬೆಳಗಾವಿಯಲ್ಲಿ ನಮ್ಮ ಪುಟ್ಟ ಮೋಟಾರ್‌ಹೋಮ್ ಎಲ್ಲಿ ನಿಲ್ಲಿಸಿದರೂ ನಾಲ್ಕು ಜನ ಸೇರುತ್ತಾರೆ. ಒಳಗಿನ ಹಾಸಿಗೆ, ಒಲೆ ಎಲ್ಲ ನೋಡಿದ ಮೇಲೆ ಕೇಳುವುದು ಒಂದೇ: "ಹಿಂದೆ ಒಂದು ಬುಲೆಟ್ ಕಟ್ಕೊಂಡು ಹೋಗಬಹುದಲ್ಲ?" ಆಸೆ ಸಹಜವೇ. ಬಾದಾಮಿಯಲ್ಲಿ ದೊಡ್ಡ ಗಾಡಿಯನ್ನು ಒಂದು ಕಡೆ ನಿಲ್ಲಿಸಿ, ಬೈಕಿನಲ್ಲಿ ಮಹಾಕೂಟ, ಪಟ್ಟದಕಲ್ಲು, ಐಹೊಳೆ ಸುತ್ತಿ ಬರುವ ಸುಖವೇ ಬೇರೆ.

ನನ್ನ ಉತ್ತರ: ಬೈಕ್ ಒಯ್ಯಿರಿ, ಬುಲೆಟ್ ಬೇಡ.

ಹಗ್ಗ ಗಟ್ಟಿ ಇದೆಯಾ, ಸ್ಟ್ಯಾಂಡ್ ಗಟ್ಟಿ ಇದೆಯಾ ಅಂತ ಎಲ್ಲರೂ ನೋಡುತ್ತಾರೆ. ಭಾರ ಎಲ್ಲಿ ಬೀಳುತ್ತದೆ ಅಂತ ಯಾರೂ ನೋಡುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಗೋಕಾಕ, ಮುಧೋಳ ಕಡೆ ಓಡಾಡಿದವರಿಗೆ ಇದು ಗೊತ್ತಿರುತ್ತದೆ. ಜಾಸ್ತಿ ಕಬ್ಬು ಹೇರಿದ ಟ್ರ್ಯಾಕ್ಟರ್ ಏರಿನಲ್ಲಿ ಮುಂದಿನ ಗಾಲಿ ಎತ್ತಿಬಿಡುತ್ತದೆ. ಆಮೇಲೆ ಸ್ಟೀರಿಂಗ್ ಎಷ್ಟು ತಿರುಗಿಸಿದರೇನು? ವ್ಯಾನ್ ಹಿಂದೆ ಬೈಕ್ ಹೇರಿದಾಗಲೂ ಮುಂದಿನ ಗಾಲಿ ಹಗುರಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಲೆಕ್ಕ ಹಾಕಿ ನೋಡೋಣ. ಮುಂದಿನ, ಹಿಂದಿನ ಎರಡು ಆಕ್ಸಲ್ (ಗಾಲಿಗಳ ಅಚ್ಚು) ನಡುವೆ 3.3 ಮೀಟರ್ ಇರಲಿ. ಬೈಕ್ ನಿಲ್ಲುವ ಜಾಗ ಹಿಂದಿನ ಆಕ್ಸಲ್‌ನಿಂದ 2 ಮೀಟರ್ ಆಚೆ ಇರಲಿ. ಸ್ಪ್ಲೆಂಡರ್ ಸುಮಾರು 112 ಕೆಜಿ, ಬೈಕ್ ಕೂರಿಸುವ ಕಬ್ಬಿಣದ ಕ್ಯಾರಿಯರ್ 40 ಕೆಜಿ ಅಂದುಕೊಳ್ಳಿ, ಒಟ್ಟು 152. ಆದರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು ಸುಮಾರು 244 ಕೆಜಿ! ಹಿಂದಿನ ಆಕ್ಸಲ್ ಸೀ-ಸಾದ ನಡುಗಂಬ ಇದ್ದಂತೆ, ಆ ಹೆಚ್ಚಿನ 92 ಕೆಜಿ (152 × 2 ÷ 3.3) ಮುಂದಿನ ಗಾಲಿಗಳಿಂದ ಕಿತ್ತುಕೊಂಡಿದ್ದು. ಅದೇ ಕ್ಯಾರಿಯರ್ ಮೇಲೆ ಬುಲೆಟ್, ಅಂದರೆ 195 ಕೆಜಿಯ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಇಟ್ಟರೆ ಹಿಂದೆ 377 ಏರುತ್ತದೆ, ಮುಂದೆ 142 ಇಳಿಯುತ್ತದೆ. ಗಾಡಿ ತಿರುಗುವುದು ಮುಂದಿನ ಗಾಲಿಯಿಂದ. ಬ್ರೇಕ್ ಹೆಚ್ಚು ಹಿಡಿಯುವುದೂ ಅದೇ. ಚೋರ್ಲಾ ಘಾಟಿನ ತಿರುವಿನಲ್ಲಿ, ಅದೂ ಮಳೆಗಾಲದಲ್ಲಿ, ಆ 142 ಕೆಜಿ ಇಲ್ಲದಿದ್ದರೆ ಗತಿ ಏನು? ನೀರಿನ ಟ್ಯಾಂಕೂ ಹಿಂದೆಯೇ ಇದ್ದರೆ ಕೇಳುವುದೇ ಬೇಡ.

ಅದಕ್ಕೇ ಮೊದಲು ಕಾಟಾಕ್ಕೆ ಹೋಗಿ. ನಮ್ಮ ಭಾಗದಲ್ಲಿ ವೇಬ್ರಿಜ್‌ಗೆ ಬರ ಇಲ್ಲ. ನೀರು, ಡೀಸೆಲ್ ತುಂಬಿಸಿ, ಬೈಕ್ ಹೇರಿ, ಮನೆಮಂದಿ ಎಲ್ಲ ಒಳಗೆ ಕೂತಾಗ ತೂಗಿಸಿ. ಒಮ್ಮೆ ಇಡೀ ಗಾಡಿ, ಇನ್ನೊಮ್ಮೆ ಮುಂದಿನ ಗಾಲಿ ಮಾತ್ರ. ಕಳೆದರೆ ಹಿಂದಿನದು ಸಿಗುತ್ತದೆ. ಕಂಪನಿ ಹೇಳಿದ ಆಕ್ಸಲ್ ಮಿತಿ ದಾಟಿದ್ದರೆ ಬೈಕ್ ಇಳಿಸಿಬಿಡಿ. ಟೈರಿನ ಮಿತಿಯನ್ನೂ ನೋಡಿ.

ಕ್ಯಾರಿಯರ್ ಬಂಪರಿಗೋ ಹಿಂದಿನ ಬಾಗಿಲಿಗೋ ತಗುಲಿಸುವಂಥದ್ದಲ್ಲ. ಅದು ಚಾಸಿಯ ಎರಡೂ ಉದ್ದ ಪಟ್ಟಿಗಳಿಗೆ ಬೋಲ್ಟ್ ಆಗಿರಬೇಕು. ನಂಬರ್ ಪ್ಲೇಟ್, ಬ್ರೇಕ್ ಲೈಟ್, ಇಂಡಿಕೇಟರ್ ಮರೆಯಾಗಬಾರದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿಗೆ ಸಂಬಂಧಿಸಿದ್ದು, ಆದ್ದರಿಂದ ವೆಲ್ಡಿಂಗ್‌ಗೆ ಮೊದಲೇ ಆರ್‌ಟಿಓದಲ್ಲಿ ವಿಚಾರಿಸಿ.

ಇನ್ನು ಕಟ್ಟುವುದು. ನೂಲಿನ ಹಗ್ಗ ಬೇಡ, ರ‍್ಯಾಚೆಟ್ ಪಟ್ಟಿ (ಹಿಡಿ ಆಡಿಸಿ ಬಿಗಿಯುವಂಥದ್ದು) ನಾಲ್ಕು ಬೇಕು. ಬೈಕಿನ ಮುಂದಿನ ಗಾಲಿ ಕ್ಯಾರಿಯರ್‌ನ ಚಾನೆಲ್‌ನ ತುದಿಗೆ ಒತ್ತಿ ಕೂರಬೇಕು. ಮುಂದಿನ ಎರಡು ಪಟ್ಟಿಗಳನ್ನು ಹ್ಯಾಂಡಲ್‌ಗೆ ಹಾಕದೆ, ಫೋರ್ಕ್ (ಮುಂದಿನ ಗಾಲಿಯ ಎರಡು ಶಾಕ್ ಕೊಳವೆ) ಹಿಡಿಯುವ ಕೆಳಗಿನ ಕ್ಲ್ಯಾಂಪಿಗೆ ಸುತ್ತಿ, ಎಡಕ್ಕೂ ಬಲಕ್ಕೂ ಓರೆಯಾಗಿ ಕೆಳಗೆ ಎಳೆಯಿರಿ. ಎರಡೂ ಬದಿ ಸಮ ಸಮ. ಫೋರ್ಕ್ ಅರ್ಧದಷ್ಟು ಕೂತರೆ ಸಾಕು. ಪೂರ್ತಿ ಅದುಮಿದರೆ ಆಯಿಲ್ ಸೀಲ್ ಹೋಗಬಹುದು. ಇತ್ತ ಸಡಿಲ ಬಿಟ್ಟರೆ ಹಳ್ಳಿ ಮುಂದಿನ ಹಂಪಿನಲ್ಲಿ ಫೋರ್ಕ್ ಕುಗ್ಗಿದಾಗ ಕೊಕ್ಕೆಯೇ ಕಳಚಿ ಬೀಳುತ್ತದೆ. ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಕಟ್ಟಬೇಡಿ. ಪಟ್ಟಿ ಲೋಹದ ಅಂಚಿಗೆ ತಿಕ್ಕುವ ಕಡೆ ದಪ್ಪ ಬಟ್ಟೆ ಇಡಿ. ಹೊರಟು ಹತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಿರಿ, ಪಟ್ಟಿ ಸ್ವಲ್ಪ ಸಡಿಲಾಗಿಯೇ ಇರುತ್ತದೆ. ವಿಜಯಪುರದ ಬಿಸಿಲಿಗೆ ಬಣ್ಣ ಹೋಗಿ ಒರಟಾದ ಪಟ್ಟಿಯನ್ನು ಸುಮ್ನೆ ಎಸೆದುಬಿಡಿ.

ಬೈಕನ್ನು ವ್ಯಾನಿನ ಒಳಗೇ ಇಟ್ಟರೆ ಭಾರಕ್ಕೆ ಒಳ್ಳೆಯದು ಅಲ್ವಾ ಅಂತಲೂ ಕೇಳುತ್ತಾರೆ. ಭಾರಕ್ಕೆ ಒಳ್ಳೆಯದೇ. ಆದರೆ ಅಲ್ಲೇ ಒಲೆ ಹಚ್ಚಬೇಕು, ಅಲ್ಲೇ ಮಕ್ಕಳು ಮಲಗಬೇಕು. ಪೆಟ್ರೋಲ್ ಆವಿ ಇರುವ ಕಡೆ ಅದು ಆಗುವ ಮಾತಲ್ಲ.

ನಾನಾದರೆ ಟಿವಿಎಸ್ ಎಕ್ಸ್‌ಎಲ್ 100 ಕಟ್ಟುತ್ತೇನೆ. 90 ಕೆಜಿ ಆಸುಪಾಸು. ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿಲೋಮೀಟರ್, ಅಷ್ಟಕ್ಕೆ ಇದು ಧಾರಾಳ ಸಾಕು. ಬುಲೆಟ್ ಬೇಕೇ ಬೇಕು ಅನ್ನುವವರು ಮನೆಯಲ್ಲಿ ಚೆನ್ನಾಗಿ ಓಡಿಸುವ ಇನ್ನೊಬ್ಬರ ಕೈಗೆ ಕೀಲಿ ಕೊಡಿ, ವ್ಯಾನ್ ಜೊತೆಯಲ್ಲೇ ಓಡಿಸಿಕೊಂಡು ಬರಲಿ.