ಬಾಗಿಲಿಗಿಂತ ಮೊದಲು ಬಾಕ್ಸ್ ನೋಡಿ

ನಮ್ಮ ಅಡುಗೆಮನೆಗೆ ಹೊಸ ಕಪಾಟು ಹಾಕಿಸುವುದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ದುಡ್ಡಿಗೆ ಮಿತಿ ಇದೆ, ಅದನ್ನು ದಾಟುವಂತಿಲ್ಲ. ಹಾಗಾಗಿ ಈಗ ನನಗೆ ಇದೇ ಧ್ಯಾನ. ಕ್ಯಾಟಲಾಗ್ ಓದುವುದು, ಟೇಪ್ ಹಿಡಿದು ಗೋಡೆ ಅಳೆಯುವುದು, ಮರಗೆಲಸ ಬಲ್ಲವರು ಸಿಕ್ಕರೆ ಬಿಡದೆ ಪ್ರಶ್ನೆ ಕೇಳುವುದು. ಇಷ್ಟೆಲ್ಲ ಆದ ಮೇಲೆ ಒಂದು ಮಾತು ಗಟ್ಟಿಯಾಗಿ ಅನ್ನಿಸಿದೆ: ಕಡಿಮೆ ದುಡ್ಡಿನಲ್ಲಿ ಬಾಳಿಕೆ ಬರುವ ಕಪಾಟು ಬೇಕಾದರೆ ಹೊರಗೆ ಉಳಿಸಿ, ಒಳಗೆ ಖರ್ಚು ಮಾಡಿ. ಎಲ್ಲರೂ ಮೊದಲು ನೋಡುವುದು ಬಾಗಿಲಿನ ಬಣ್ಣ. ಹೊಳಪು ಕಂಡರೆ ಮನಸ್ಸು ಅಲ್ಲೇ ನಿಲ್ಲುತ್ತದೆ, ಸಹಜ. ಆದರೆ ಯಾರದಾದರೂ ಮನೆಯ ಹಳೇ ಕಪಾಟು ತೆಗೆದು ನೋಡಿ. ಸಿಂಕ್ ಕೆಳಗಿನ ಹಲಗೆ ನೀರು ಕುಡಿದು ಉಬ್ಬಿರುತ್ತದೆ, ಹಿಂಜ್ ಸಡಿಲವಾಗಿ ಬಾಗಿಲು ಜೋತು ಬಿದ್ದಿರುತ್ತದೆ, ಡ್ರಾಯರ್ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಬಣ್ಣ ಮಾತ್ರ ಹೆಚ್ಚುಕಮ್ಮಿ ಹಾಗೇ ಇರುತ್ತದೆ.

ಕಪಾಟಿಗೂ ಮೊದಲು ಜಾಗದ ಮಾತು ಬರುತ್ತದೆ. ನೀರಿನ ಪೈಪು, ಡ್ರೈನೇಜ್ ಪೈಪು, ಗ್ಯಾಸ್ ಲೈನ್ ಎಲ್ಲಿದೆಯೋ ಅಲ್ಲೇ ಇರಲಿ ಅಂತ ನಾವು ಶುರುವಿನಲ್ಲೇ ಮಾತಾಡಿಕೊಂಡೆವು. ಸಿಂಕ್ ಅನ್ನು ಎದುರು ಗೋಡೆಗೆ ಸರಿಸಬೇಕಾದರೆ ನೆಲ ಒಡೆಯಬೇಕು, ಪೈಪಿಗೆ ಇಳಿಜಾರು ಕೊಡಬೇಕು, ಮತ್ತೆ ಟೈಲ್ಸ್ ಕೂರಿಸಬೇಕು. ಆ ಖರ್ಚಿನಲ್ಲಿ ಒಳ್ಳೆಯ ಡ್ರಾಯರ್‌ಗಳೇ ಬಂದುಬಿಡುತ್ತವೆ. ಇರುವ ಜಾಗ ಅಷ್ಟು ಕೆಟ್ಟದಾಗಿದೆಯೇ ಅಂತ ನೋಡುವುದಕ್ಕೆ ಒಂದು ಹಳೇ ಲೆಕ್ಕ ಇದೆ. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿಭಾಗದಲ್ಲಿ ರೂಪುಗೊಂಡಿದ್ದು. ಸಿಂಕ್, ಒಲೆ, ಫ್ರಿಜ್ ಈ ಮೂರನ್ನೂ ಸೇರಿಸಿ ಒಂದು ತ್ರಿಕೋನ ಎಳೆಯಿರಿ. ಮೂರು ಬದಿಯೂ ಕೂಡಿದರೆ 13 ಅಡಿಗಿಂತ ಕಡಿಮೆ ಇರಬಾರದು, 26 ಅಡಿಗಿಂತ ಜಾಸ್ತಿ ಇರಬಾರದು. ನಮ್ಮದು ಈ ಲೆಕ್ಕದೊಳಗೇ ಬಂತು. ಸಾಕು, ಗೋಡೆ ಒಡೆಯುವ ಮಾತು ಅಲ್ಲಿಗೇ ಮುಗಿಯಿತು.

ಅಡುಗೆಮನೆ ಚಿಕ್ಕದು ಅಂತ ಬೇಜಾರು ಮಾಡಿಕೊಳ್ಳುವವರಿಗೆ ಇನ್ನೊಂದು ವಿಷಯ. 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ಮನೆಗಳಿಗಾಗಿ ಒಂದು ಅಡುಗೆಮನೆ ರೂಪಿಸಿದರು. ಅಳತೆ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ, ಅಷ್ಟೇ. ಅಂಥವು ಸುಮಾರು 10,000 ಕಟ್ಟಿದರು. ಅಡುಗೆ ಮಾಡುವವರು ಎಷ್ಟು ಹೆಜ್ಜೆ ಹಾಕುತ್ತಾರೆ, ಯಾವ ವಸ್ತುವಿಗೆ ಎಷ್ಟು ಸಲ ಕೈ ಚಾಚುತ್ತಾರೆ ಎಂದು ಯೋಚಿಸಿ ಒಂದೊಂದು ಖಾನೆಗೂ ಜಾಗ ಕೊಟ್ಟಿದ್ದರು. ಇವತ್ತಿನ ಗೋಡೆಯುದ್ದದ ಜೋಡಣೆ ಕಪಾಟುಗಳಿಗೆ ಅದೇ ಮೂಲ ಅನ್ನುತ್ತಾರೆ. ಆ ನಕ್ಷೆ ನೋಡಿದ ಮೇಲೆ ನನಗಂತೂ ನಮ್ಮ ಅಡುಗೆಮನೆ ಬಗ್ಗೆ ಧೈರ್ಯ ಬಂತು.

ಅಳತೆಗೆ ಬರೋಣ. ಕೆಳಗಿನ ಕಪಾಟಿನ ಆಳ ಸಾಮಾನ್ಯವಾಗಿ 60 ಸೆಂ.ಮೀ. ಹತ್ತಿರ, ಮೇಲಿನದು 30ರಿಂದ 35, ಕಟ್ಟೆಯ ಎತ್ತರ 85ರಿಂದ 90, ಕಟ್ಟೆಗೂ ಮೇಲಿನ ಕಪಾಟಿಗೂ ನಡುವೆ 45ರಿಂದ 60. ಈ ಕಟ್ಟೆ ಎತ್ತರವನ್ನು ಮಾತ್ರ ಕಣ್ಣು ಮುಚ್ಚಿ ಒಪ್ಪಿಕೊಳ್ಳಬೇಡಿ. ನೆಟ್ಟಗೆ ನಿಂತು ಮೊಣಕೈ ಮಡಚಿ, ಮೊಣಕೈಯಿಂದ 10-15 ಸೆಂ.ಮೀ. ಕೆಳಗೆ ಕಟ್ಟೆ ಬಂದರೆ ಬೆನ್ನು, ಭುಜ ಎರಡಕ್ಕೂ ಆರಾಮ. ನಮ್ಮಲ್ಲಿ ಅಡುಗೆ ಮಾಡುವವರು ಇಬ್ಬರು, ಎತ್ತರದಲ್ಲಿ ತುಂಬಾ ವ್ಯತ್ಯಾಸ ಇದೆ. ಯಾರು ಜಾಸ್ತಿ ಹೊತ್ತು ನಿಲ್ಲುತ್ತಾರೋ ಅವರ ಮೊಣಕೈಯೇ ಲೆಕ್ಕ ಅಂತ ಮಾಡಿಕೊಂಡೆವು. ಕಪಾಟಿಗೆ ತಿರುಗಿಸಿ ಏರಿಸುವ, ಇಳಿಸುವ ಕಾಲು ಹಾಕಿಸಿದರೆ ಇಲ್ಲಿ ಸ್ವಲ್ಪ ಆಟ ಸಿಗುತ್ತದೆ, ನೆಲ ಒರೆಸಿದ ನೀರೂ ಹಲಗೆಗೆ ತಾಗುವುದಿಲ್ಲ.

ಗೋಡೆ ಅಳೆಯುವಾಗ ಕೆಳಗೆ, ಮಧ್ಯೆ, ಮೇಲೆ ಮೂರು ಕಡೆ ಅಳೆಯಿರಿ. ಗೋಡೆಗಳು ನೆಟ್ಟಗೆ ಇರುವುದು ಅಪರೂಪ. ಮೂರರಲ್ಲಿ ಯಾವುದು ಚಿಕ್ಕದೋ ಅದನ್ನೇ ಬರೆದುಕೊಳ್ಳಿ, ಉಳಿದ ಸಂದಿಗೆ ಒಂದು ಫಿಲ್ಲರ್ ಪಟ್ಟಿ ಬರಲಿ. ಮೂಲೆಯಲ್ಲಿ ಈ ಪಟ್ಟಿ ಇಲ್ಲದಿದ್ದರೆ ಡ್ರಾಯರ್ ಎಳೆದಾಗ ಪಕ್ಕದ ಕಪಾಟಿನ ಹಿಡಿಗೆ ತಾಗಿ ಅರ್ಧಕ್ಕೆ ನಿಲ್ಲುತ್ತದೆ. ಫ್ರಿಜ್ ಬಾಗಿಲು, ಕಿಟಕಿ, ಅಡುಗೆಮನೆ ಬಾಗಿಲು ಯಾವ ಕಡೆಗೆ ತೆರೆಯುತ್ತವೆ ಅನ್ನುವುದೂ ನಕ್ಷೆಯಲ್ಲಿ ಇರಬೇಕು.

ಈಗ ಮುಖ್ಯ ವಿಷಯ, ಬಾಕ್ಸ್, ಅಂದರೆ ಬಾಗಿಲು ಬಿಟ್ಟರೆ ಉಳಿಯುವ ಕಪಾಟಿನ ಗೂಡು. ಇದಕ್ಕೆ ಹೆಚ್ಚಾಗಿ ಬಳಸುವುದು ಮೂರು ಬಗೆಯ ಹಲಗೆ. ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಚೂರುಗಳನ್ನು ಅಂಟಿನ ಜೊತೆ ಒತ್ತಿ ಮಾಡಿದ್ದು, ಎಲ್ಲಕ್ಕಿಂತ ಅಗ್ಗ. ಎಂಡಿಎಫ್ ಅಂದರೆ ಮರವನ್ನು ನಾರು ನಾರಾಗಿ ಮಾಡಿ ಒತ್ತಿದ್ದು, ಮೈ ತುಂಬಾ ನಯ, ತೂಕ ಜಾಸ್ತಿ. ಪ್ಲೈವುಡ್ ತೆಳು ಪದರಗಳನ್ನು ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿದ್ದು. ಅದಕ್ಕೇ ಅದು ಬಾಗುವುದು ಕಡಿಮೆ, ಸ್ಕ್ರೂ ಹಿಡಿತ ಚೆನ್ನಾಗಿರುತ್ತದೆ. ಬೆಲೆಯೂ ಜಾಸ್ತಿ. ಪಾರ್ಟಿಕಲ್ ಬೋರ್ಡ್ ಅಂದ ಕೂಡಲೇ ಮೂಗು ಮುರಿಯುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಒಣ ಜಾಗದಲ್ಲಿ, ಎಲ್ಲಾ ಅಂಚು ಮುಚ್ಚಿ, 18 ಮಿ.ಮೀ. ದಪ್ಪದ್ದು ಹಾಕಿದರೆ ಅದು ವರ್ಷಾನುಗಟ್ಟಲೆ ಬರುತ್ತದೆ. ಅದರ ಶತ್ರು ನೀರು. ಒಂದು ಸಲ ನೀರು ಒಳಗೆ ಹೋಗಿ ಉಬ್ಬಿತು ಅಂದರೆ ಒಣಗಿದ ಮೇಲೂ ಮೊದಲಿನ ಆಕಾರಕ್ಕೆ ಬರುವುದಿಲ್ಲ. ಸಾಮಾನ್ಯ ಎಂಡಿಎಫ್ ಕತೆಯೂ ಇದೇ.

ಅಂದರೆ ಇಡೀ ಅಡುಗೆಮನೆಗೆ ಒಂದೇ ಹಲಗೆ ಬೇಕು ಅನ್ನುವ ಹಟವನ್ನು ಬಿಟ್ಟರೆ ಅಲ್ಲೇ ದುಡ್ಡು ಉಳಿಯುತ್ತದೆ. ಸಿಂಕ್ ಕೆಳಗಿನ ಬಾಕ್ಸ್ ಮತ್ತು ಅದರ ಅಕ್ಕಪಕ್ಕದ್ದು ಪ್ಲೈವುಡ್ ಇರಲಿ, ಅದರಲ್ಲೂ ಫೀನಾಲ್ ಅಂಟಿನದು. ಆ ಅಂಟು ನೀರಿಗೆ, ಬಿಸಿಗೆ ಸುಲಭವಾಗಿ ಬಿಡುವುದಿಲ್ಲ. ಯೂರಿಯಾ ಅಂಟಿನ ಪ್ಲೈವುಡ್ ಒದ್ದೆ ಜಾಗದಲ್ಲಿ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ಬರೀ "ಪ್ಲೈವುಡ್ ಹಾಕ್ತೀವಿ" ಅನ್ನುವ ಮಾತು ಸಾಲದು, ಅಂಟು ಯಾವುದು ಅಂತ ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮೇಲಿನ ಕಪಾಟು, ಒಲೆಯಿಂದ ದೂರ ಇರುವ ಉದ್ದನೆಯ ಕಪಾಟು ಇವಕ್ಕೆ ಮೆಲಮೈನ್ ಹಾಳೆ ಅಂಟಿಸಿದ ಪಾರ್ಟಿಕಲ್ ಬೋರ್ಡ್ ಸಾಕಾಗುತ್ತದೆ. ಒಳಗೆ ಬಣ್ಣ ಬಳಿಯುವ ಕೆಲಸವೂ ಇಲ್ಲ, ಒರೆಸಿದರೆ ಸ್ವಚ್ಛ.

ಅಂಟಿನ ಮಾತು ಬಂತಲ್ಲ, ಆರೋಗ್ಯದ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಈ ಹಲಗೆಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ನಿಧಾನವಾಗಿ ಹೊರಗೆ ಬರುತ್ತಿರುತ್ತದೆ. ಹೊಸ ಫರ್ನಿಚರ್ ಹತ್ತಿರ ಕಣ್ಣು ಉರಿಯುವುದಕ್ಕೆ ಇದೂ ಒಂದು ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಹಲಗೆಯ ಮೇಲೆ ಇ1 ಎಂಬ ಗುರುತು ಇದ್ದರೆ, ಯುರೋಪಿನ ಪರೀಕ್ಷೆಯಲ್ಲಿ ಒಂದು ಘನ ಮೀಟರ್ ಗಾಳಿಗೆ 0.124 ಮಿಲಿಗ್ರಾಂ ದಾಟಿಲ್ಲ ಅಂತ ಅರ್ಥ. ಇ0 ಅಂದರೆ ಇನ್ನೂ ಕಡಿಮೆ. ಅಗ್ಗದ ಹಲಗೆ ತಗೊಳ್ಳಿ, ಆದರೆ ಈ ಗುರುತು ಇಲ್ಲದ್ದನ್ನು ಮನೆಯೊಳಗೆ ತರಬೇಡಿ, ಅದರಲ್ಲೂ ಮಕ್ಕಳಿರುವ ಮನೆಗೆ. ಅಂಚುಗಳನ್ನೆಲ್ಲ ಮುಚ್ಚಿಸುವುದರಿಂದ ಈ ಅನಿಲವೂ ಕಡಿಮೆ ಬರುತ್ತದೆ, ತೇವವೂ ಒಳಗೆ ಹೋಗುವುದಿಲ್ಲ. ಕಾಣುವ ಅಂಚಿಗೆ ಮಾತ್ರ ಪಟ್ಟಿ ಅಂಟಿಸಿ, ಹಿಂದಿನದು, ತಳದ್ದು ಹಾಗೇ ಬಿಡುವುದು ಸಾಮಾನ್ಯ. ಕೈಯಿಂದ ಮುಟ್ಟಿ ನೋಡಿ. ಕೆಳಗಿನ ಬಾಕ್ಸುಗಳಿಗಾದರೂ ನಾಲ್ಕೂ ಅಂಚು ಮುಚ್ಚಿಸಲೇಬೇಕು.

ಹಿಂಬದಿ ಹಲಗೆ ಬಗ್ಗೆ ಯಾರೂ ಕೇಳುವುದಿಲ್ಲ. ಅಗ್ಗದ ಕಪಾಟಿನಲ್ಲಿ 3 ಮಿ.ಮೀ. ಹಾಳೆಯನ್ನು ಪಿನ್ ಹೊಡೆದು ಕೂರಿಸಿರುತ್ತಾರೆ. ಬಾಕ್ಸ್ ವಾಲದಂತೆ ಹಿಡಿದಿಡುವುದು ಅದೇ ಹಲಗೆ. 6 ಮಿ.ಮೀ. ಇದ್ದು, ಪಕ್ಕದ ಹಲಗೆಗಳಲ್ಲಿ ಸಣ್ಣ ಕಾಲುವೆ ಕೊರೆದು ಅದರೊಳಗೆ ಕೂರಿಸಿದ್ದರೆ ವ್ಯತ್ಯಾಸ ಅಲ್ಲಾಡಿಸಿ ನೋಡಿದಾಗಲೇ ಗೊತ್ತಾಗುತ್ತದೆ.

ಇನ್ನು ಹಿಂಜ್ ಮತ್ತು ಚಾನೆಲ್ (ಡ್ರಾಯರ್ ಜಾರುವ ಲೋಹದ ಹಳಿ). ಇಲ್ಲಿ ನಾನು ಉಳಿತಾಯದ ಮಾತೇ ಆಡುವುದಿಲ್ಲ. ದಿನಾ ಎಷ್ಟು ಸಲ ಬಾಗಿಲು ತೆಗೆದು ಹಾಕುತ್ತೇವೆ ಯೋಚಿಸಿ. ಈಗಿನ ಹಿಂಜ್‌ಗಳಿಗೆ ಬಾಗಿಲಿನಲ್ಲಿ 35 ಮಿ.ಮೀ. ಅಗಲದ ದುಂಡನೆ ಗುಳಿ ಕೊರೆಯುತ್ತಾರೆ. ಹಿಂಜ್, ಚಾನೆಲ್ ಕೂರಿಸಲು ಬಾಕ್ಸಿನ ಒಳಗೆ ಕೊರೆದ ಸಾಲು ತೂತುಗಳ ನಡುವೆ 32 ಮಿ.ಮೀ. ಅಂತರ, ಮುಂದಿನ ಅಂಚಿನಿಂದ 37 ಮಿ.ಮೀ. ದೂರ. ಈ ಅಳತೆ ಪಾಲಿಸಿದ್ದಾರಾ ಅಂತ ಕೇಳುವುದು ಬಹಳ ಮುಖ್ಯ. ಯಾಕೆಂದರೆ ಮುಂದೆ ಹಿಂಜ್ ಕೆಟ್ಟರೆ ಬೇರೆ ಕಂಪನಿಯದು ತಂದು ಹಾಕಬಹುದು, ಬಾಗಿಲು ಹಳತಾದರೆ ಬಾಗಿಲು ಮಾತ್ರ ಬದಲಿಸಬಹುದು. ಬಾಗಿಲು 90 ಸೆಂ.ಮೀ. ಎತ್ತರ ದಾಟಿದರೆ ಎರಡು ಹಿಂಜ್ ಸಾಲದು, ಮೂರು ಬೇಕು. ಡ್ರಾಯರ್ ಚಾನೆಲ್ ಎಷ್ಟು ಕೆಜಿ ಹೊರುತ್ತದೆ ಅಂತ ಅದರ ಮಾಹಿತಿಯಲ್ಲೇ ಬರೆದಿರುತ್ತದೆ. ಭಾರದ ಪಾತ್ರೆ ಇಡುವ ಅಗಲ ಡ್ರಾಯರ್‌ಗೆ 40 ಕೆಜಿಗಿಂತ ಕಡಿಮೆಯದು ನನಗೆ ಬೇಡ. ಪೂರ್ತಿ ಹೊರಗೆ ಬರುವ ಚಾನೆಲ್ ಇರಲಿ, ಇಲ್ಲದಿದ್ದರೆ ಹಿಂದಿನ ಕಾಲು ಭಾಗ ಸುಮ್ನೆ ದಂಡ.

ಕೆಳಗಡೆ ಬಾಗಿಲೋ ಡ್ರಾಯರೋ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಡ್ರಾಯರ್, ಆದರೆ ಎಲ್ಲ ಕಡೆ ಅಲ್ಲ. ಡ್ರಾಯರ್‌ನಲ್ಲಿ ಬಗ್ಗಿ ಹುಡುಕುವ ಕೆಲಸ ಇಲ್ಲ, ಹಿಂದಿರುವುದೂ ಮೇಲಿನಿಂದ ಕಾಣುತ್ತದೆ. ಖರ್ಚು ಮಾತ್ರ ಬಾಗಿಲಿನ ಕಪಾಟಿಗಿಂತ ಜಾಸ್ತಿ, ಚಾನೆಲ್‌ಗೇ ದುಡ್ಡು ಹೋಗುತ್ತದೆ. ಒಲೆಯ ಹತ್ತಿರ ಮೂರು ಡ್ರಾಯರ್‌ಗಳ ಒಂದು ಅಗಲ ಬಾಕ್ಸ್, ಉಳಿದ ಕಡೆ ಬಾಗಿಲು, ಹೀಗೆ ಅಂದುಕೊಂಡಿದ್ದೇವೆ. ಬಾಕ್ಸುಗಳ ಸಂಖ್ಯೆ ಕಡಿಮೆ ಆದಷ್ಟೂ ಖರ್ಚು ಇಳಿಯುತ್ತದೆ. 40 ಸೆಂ.ಮೀ.ನ ಎರಡು ಡ್ರಾಯರ್ ಬಾಕ್ಸ್ ಬದಲು 80ರ ಒಂದು ಹಾಕಿದರೆ ಪಕ್ಕದ ಹಲಗೆ ಉಳಿಯಿತು, ಚಾನೆಲ್ ಅರ್ಧ ಆಯಿತು, ಒಳಗಿನ ಜಾಗವೂ ಹೆಚ್ಚಿತು. ಆದರೆ ಅಗಲ ಕಪಾಟಿನಲ್ಲಿ ಅಡ್ಡ ಹಲಗೆ ಬಾಗುವ ಅಪಾಯ ಇದೆ. ಒಂದೇ ತೆರನಾಗಿ ಸಾಮಾನು ತುಂಬಿದರೆ, ಹಲಗೆಯ ಉದ್ದ ಎರಡು ಪಟ್ಟಾದಾಗ ಬಾಗು 16 ಪಟ್ಟು ಆಗುತ್ತದೆ. ದಪ್ಪ ಎರಡು ಪಟ್ಟಾದರೆ ಬಾಗು 8ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ 80-90 ಸೆಂ.ಮೀ. ಅಗಲದ ಬಾಕ್ಸಿಗೆ ಅಡ್ಡ ಹಲಗೆ 25 ಮಿ.ಮೀ. ಇರಲಿ, ಇಲ್ಲವೇ ಅದರ ಮುಂದಿನ ಅಂಚಿಗೆ ಒಂದು ಗಟ್ಟಿ ಮರದ ಪಟ್ಟಿ ಹೊಡೆಸಿ.

ಮೂಲೆ ಕಪಾಟಿಗೆ ತಿರುಗುವ ತಟ್ಟೆ, ಹೊರಗೆ ಜಾರಿ ಬರುವ ಬುಟ್ಟಿ ಅಂತ ಏನೇನೋ ತೋರಿಸುತ್ತಾರೆ. ನೋಡಲು ಚೆನ್ನಾಗಿವೆ, ಬೆಲೆ ಕೇಳಿದರೆ ಒಂದು ಡ್ರಾಯರ್ ಬಾಕ್ಸಿನಷ್ಟು. ನಾವು ಮೂಲೆಯಲ್ಲಿ ಸುಮ್ನೆ ಒಂದು ಹಲಗೆ ಹಾಕಿ, ವರ್ಷಕ್ಕೊಮ್ಮೆ ಬೇಕಾಗುವ ಸಾಮಾನು ಇಡುತ್ತೇವೆ.

ಬಾಗಿಲಿನ ವಿಷಯ ಬೇಗ ಮುಗಿಸುತ್ತೇನೆ. ಮೆಲಮೈನ್ ಅಗ್ಗ. ಲ್ಯಾಮಿನೇಟ್ ಸ್ವಲ್ಪ ಜಾಸ್ತಿ, ಗೀರು ಬೀಳುವುದು ಕಡಿಮೆ. ಬಿಸಿ ಮಾಡಿ ಪ್ಲಾಸ್ಟಿಕ್ ಹಾಳೆ ಎಳೆದು ಕೂರಿಸಿದ ಬಾಗಿಲು ನೋಡಲು ಪೇಂಟ್ ಮಾಡಿದ ಹಾಗೇ ಇರುತ್ತದೆ, ಆದರೆ ಓವನ್, ಒಲೆಯ ಪಕ್ಕ ಬಿಸಿ ತಾಗಿ ಹಾಳೆ ಏಳುತ್ತದೆ. ಅಕ್ರಿಲಿಕ್ ತುಂಬಾ ಹೊಳೆಯುತ್ತದೆ, ಬೆರಳಚ್ಚು ಎದ್ದು ಕಾಣುತ್ತದೆ. ಚಪ್ಪಟೆ ಬಾಗಿಲು, ಮಂಕು ಬಣ್ಣದ ಲ್ಯಾಮಿನೇಟ್, ಇಷ್ಟೇ ನಮ್ಮದು. ಕೊರೆದ ವಿನ್ಯಾಸ ಇದ್ದರೆ ಎಣ್ಣೆ ಜಿಡ್ಡು ಅದರೊಳಗೇ ಕೂರುತ್ತದೆ, ಒರೆಸುವವರು ಯಾರು ಹೇಳಿ.

ಇಷ್ಟೆಲ್ಲ ಓದಿ ನೀವು ಕೂಡ ಹೊರಟಿದ್ದರೆ, ಮೊದಲು ನಿಮ್ಮ ಈಗಿನ ಬಾಕ್ಸುಗಳ ತಳ ತಟ್ಟಿ ನೋಡಿ. ಉಬ್ಬಿಲ್ಲ, ಸ್ಕ್ರೂ ಹಿಡಿದಿದೆ, ಮೂಲೆ ಬಿಟ್ಟಿಲ್ಲ ಅಂದರೆ ಬಾಗಿಲು, ಹಿಂಜ್, ಹಿಡಿ ಬದಲಿಸಿದರೆ ಸಾಕು. ಎಲ್ಲ ದಾರಿಗಳಿಗಿಂತ ಅಗ್ಗದ ದಾರಿ ಅದೇ. ನಮ್ಮದರಲ್ಲಿ ಮೇಲಿನ ಬಾಕ್ಸುಗಳು ಗಟ್ಟಿಯಾಗಿವೆ, ಅವು ಉಳಿಯುತ್ತವೆ. ಕೆಳಗಿನವು ಪೂರ್ತಿ ಹೊಸದು.

ಕೆಲಸದ ಕ್ರಮವೂ ನಿರ್ಧಾರ ಆಗಿದೆ. ಮೊದಲು ವೈರಿಂಗ್, ಪೈಪು. ಆಮೇಲೆ ಗೋಡೆ ಗಾರೆ, ನೆಲ. ಆಮೇಲೆ ಕೆಳಗಿನ ಬಾಕ್ಸುಗಳನ್ನು ಮಟ್ಟ ನೋಡಿ ಕೂರಿಸುವುದು. ಕಟ್ಟೆ ಕಲ್ಲಿನ ಅಳತೆ ಬಾಕ್ಸ್ ಕೂತ ಮೇಲೇ ತೆಗೆಯಬೇಕು, ನಕ್ಷೆ ನೋಡಿ ಕತ್ತರಿಸಿದರೆ ಗೋಡೆಯ ಸೊಟ್ಟು ಅಲ್ಲಿ ಕೈ ಕೊಡುತ್ತದೆ. ಬಜೆಟ್‌ನಲ್ಲಿ ನೂರಕ್ಕೆ ಹದಿನೈದರಷ್ಟು ಮುಟ್ಟದೆ ಇಟ್ಟಿದ್ದೇವೆ, ಹಳೇ ಕಪಾಟು ಕಿತ್ತಾಗ ಹಿಂದೆ ಏನು ಕಾಣುತ್ತದೋ ಅದಕ್ಕೆ. ಬಾಕಿ ಇರುವ ಚರ್ಚೆ ಒಂದೇ: ಸಿಂಕ್ ಕೆಳಗಿನ ಬಾಕ್ಸ್ ಫೀನಾಲ್ ಅಂಟಿನ ಪ್ಲೈವುಡ್‌ನಲ್ಲೋ, ಅಥವಾ ಅಲ್ಲಿಗೆ ಮಾತ್ರ ಸ್ಟೇನ್‌ಲೆಸ್ ಸ್ಟೀಲೋ. ಸ್ಟೀಲ್ ನೀರಿಗೆ ಉಬ್ಬುವುದಿಲ್ಲ, ಆದರೆ ಬೆಲೆ ಜಾಸ್ತಿ, ಬಾಗಿಲಿನ ಹಿಂಜ್ ಕೂರಿಸುವುದು ಬೇರೆ ಕೆಲಸ. ಈಗಿನ ಲೆಕ್ಕದಲ್ಲಿ ಪ್ಲೈವುಡ್ ಕಡೆಗೇ ವಾಲಿದ್ದೇವೆ. ತಳಕ್ಕೆ ಒಂದು ಪ್ಲಾಸ್ಟಿಕ್ ಟ್ರೇ ಹಾಕಿಸಿಬಿಟ್ಟರೆ ಪೈಪು ಸೋರಿದರೂ ನೀರು ಹಲಗೆಗೆ ಇಳಿಯುವ ಮೊದಲೇ ಕಣ್ಣಿಗೆ ಬೀಳುತ್ತದೆ.